ಚಿತ್ರ ಬರೆದವರು ಯಾರು?

(ಚಿತ್ರದುರ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಇಡುವುದೆಂದರೆ ಅಗಲಿದವರ ಹೆಸರನ್ನು ವರ್ಷಕ್ಕೊಮ್ಮೆಯಾದರೂ ನಾಲ್ಕು ಜನರ ಬಾಯಲ್ಲಿ ಉಳಿಸುವುದು. ಹೆಸರು ಉಳಿಸುವ ಇಂಥ ದಿನ, ಹೆಸರು ಉಳಿಯದೆ ಹೋದವರ ಬಗ್ಗೆ ಮಾತಾಡೋಣ ಅನ್ನಿಸಿತು. ಹಾಗಾಗಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದವರ ಬದುಕು ಮತ್ತು ಕೆಲಸವನ್ನು ಇಂದಿನ ವಿಷಯವಾಗಿ ಆರಿಸಿಕೊಂಡೆ. ನಾನು ಪಂಡಿತನಲ್ಲ. ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತನಾದವನು. ಮಕ್ಕಳು ಚಿತ್ರ ನೋಡುವುದನ್ನು, ಚಿತ್ರ ಬರೆಯುವುದನ್ನು ಬಹಳ ವರ್ಷ ಹತ್ತಿರದಿಂದ ಕಂಡಿದ್ದೇನೆ. ನನ್ನ ಮಾತಿಗೆ ಅದೇ ಬಂಡವಾಳ.

ಅಜ್ಜಿಯ ಪ್ರಶ್ನೆ

ಹೊಳಲ್ಕೆರೆಯ ನಮ್ಮ ಮನೆಯ ಪಡಸಾಲೆಯಿಂದ ಶುರುಮಾಡುತ್ತೇನೆ. ನನ್ನ ಅಕ್ಕ ‘ಚಂದಮಾಮ’ದ ಹಳೆಯ ಸಂಚಿಕೆಗಳನ್ನು ಯಾರ್ಯಾರದೋ ಮನೆಯಿಂದ ಬೇಡಿ ತಂದು, ದಬ್ಬಳದಲ್ಲಿ ಗೋಣಿದಾರ ಪೋಣಿಸಿ ಹೊಲಿದು, ಒಂದು ದಪ್ಪ ಕಟ್ಟು ಮಾಡಿಟ್ಟಿದ್ದಳು. ಮಧ್ಯಾಹ್ನ ಊಟವಾದ ಮೇಲೆ ನಮ್ಮಜ್ಜಿ ಬತ್ತಿ ಹೊಸೆಯುತ್ತ ಕೂತಾಗ ಆ ಕಟ್ಟು ಅವಳ ಮುಂದೆ ಬರುತ್ತಿತ್ತು. ಅಜ್ಜಿಗೆ ಓದು ಬರದು. ಆದರೂ ಪುಟ ತೆರೆದು ಚಿತ್ರದ ಮೇಲೆ ಬೆರಳಿಟ್ಟು ಕಥೆ ಹೇಳುತ್ತಿದ್ದಳು. “ಇವ್ನ ಕಣ್ಣು ನೋಡ್ಲಾ ಮಗ. ಈವಯ್ಯ ಮಾತಿಗೆ ತಪ್ತಾನೆ” ಅನ್ನುವಳು. ಅಕ್ಕ ಪಕ್ಕದ ಸಾಲುಗಳನ್ನು ಗಟ್ಟಿಯಾಗಿ ಓದಿದರೆ ಆ ಮಂತ್ರಿ ನಿಜಕ್ಕೂ ಮಾತಿಗೆ ತಪ್ಪಿರುತ್ತಿದ್ದ. ಅಕ್ಷರ ಹೇಳುವ ಮೊದಲೇ ಚಿತ್ರ ಅಜ್ಜಿಗೆ ಅದನ್ನು ಹೇಳಿಬಿಟ್ಟಿರುತ್ತಿತ್ತು.

ಒಂದು ದಿನ ಅಜ್ಜಿ ಕೇಳಿದಳು: “ಇದನ್ನ ಬರ್ದೋರು ಯಾರೇ?”

ಅಕ್ಕ ಪುಟದ ಮೇಲೆ ಕೆಳಗೆ ಹುಡುಕಿ, “ಕಥೆ ಬರೆದೋರ ಹೆಸರು ಹಾಕಿಲ್ಲ ಅಜ್ಜಿ” ಅಂದಳು.

“ಕತೆ ನಂಗೂ ಗೊತ್ತು ಕಣೆ. ಚಿತ್ರ ಬರ್ದೋರು ಯಾರು ಅಂತ ಕೇಳಿದ್ದು.”

ಅಕ್ಕ ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದಳು. ಚಿತ್ರದ ಮೂಲೆಯಲ್ಲಿ, ಹುಲ್ಲಿನ ಗೆರೆಗಳ ಸಂದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ ಒಂದು ಸಹಿ ಇತ್ತು. ಅದನ್ನು ಓದಲು ಅವಳಿಗೆ ಆಗಲಿಲ್ಲ, ನನಗೂ ಆಗಲಿಲ್ಲ. ಅಜ್ಜಿ ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು. ಅವಳು ತೀರಿಕೊಂಡು ದಶಕಗಳಾದವು. ಆ ಪ್ರಶ್ನೆಗೆ ಉತ್ತರ ಕೊಡುವ ಸರದಿ ಈಗ ನನಗೆ ಬಂದಿದೆ.

ಅಜ್ಜಿ ಆಡಿದ ಮಾತನ್ನು ಒಮ್ಮೆ ಗಮನಿಸಿ. “ಚಿತ್ರ ಬರ್ದೋರು” ಅಂದಳು. ಕಥೆಯನ್ನೂ ನಾವು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಬರೆಯುವವರೆಂದು ನಮ್ಮ ನುಡಿ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿದೆ. ಪುಸ್ತಕದ ಮುಖಪುಟದಲ್ಲಿ ಮಾತ್ರ ನಾವು ಒಬ್ಬರನ್ನು ಕೂರಿಸಿ ಇನ್ನೊಬ್ಬರನ್ನು ನಿಲ್ಲಿಸಿಬಿಟ್ಟೆವು. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದವರು ಆ ಪುಸ್ತಕದ ಲೇಖಕರೇ. ನಾನು ಇಂದು ಹೇಳಬೇಕೆಂದು ಬಂದಿರುವುದು ಇಷ್ಟು. ಉಳಿದುದೆಲ್ಲ ಇದಕ್ಕೆ ಸಾಕ್ಷಿ.

ಮದರಾಸಿನಿಂದ ಬಂದ ಮಹಾಭಾರತ

‘ಚಂದಮಾಮ’ ಶುರುವಾದದ್ದು 1947ರ ಜುಲೈಯಲ್ಲಿ, ಮದರಾಸಿನಲ್ಲಿ, ಮೊದಲು ತೆಲುಗು ಮತ್ತು ತಮಿಳಿನಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು ಕಟ್ಟಿದವರು. ಮುಂದೆ ‘ಮಾಯಾಬಜಾರ್’ ಸಿನಿಮಾ ಮಾಡಿದ ವಿಜಯಾ ಸಂಸ್ಥೆಯವರೂ ಇವರೇ. 1949ರಲ್ಲಿ ಕನ್ನಡ ಚಂದಮಾಮ ಬಂತು. ಹಲವು ಭಾಷೆಗಳ ಆವೃತ್ತಿಗಳಿಗೆ ಚಿತ್ರಗಳು ಒಂದೇ. ಹೊಳಲ್ಕೆರೆಯ ಹುಡುಗ ನೋಡಿದ ರಾಜಕುಮಾರನನ್ನೇ ಗುಂಟೂರಿನ ಹುಡುಗಿಯೂ ಮಧುರೆಯ ಹುಡುಗನೂ ನೋಡುತ್ತಿದ್ದರು. ಮಾತು ಬೇರೆ ಬೇರೆ, ಮುಖ ಒಂದೇ.

ಆ ಮುಖಗಳನ್ನು ಕೊಟ್ಟವರು ಕೆಲವೇ ಕೆಲವು ಕಲಾವಿದರು. ಅವರಲ್ಲಿ ನಮ್ಮವರೊಬ್ಬರಿದ್ದರು. ಅವರೇ ಎಂ.ಟಿ.ವಿ. ಆಚಾರ್ಯ. 1920ರಲ್ಲಿ ಹುಟ್ಟಿದ ಆಚಾರ್ಯರು ಮದರಾಸಿಗೆ ಹೋಗಿ ಚಂದಮಾಮದ ಕಲಾವಿದರಾದರು, ಸಂಪಾದಕರಾಗಿಯೂ ದುಡಿದರು. ಅವರ ಹೆಸರು ನಿಂತಿರುವುದು ಮುಖಪುಟಗಳಿಗೆ ಬರೆದ ಮಹಾಭಾರತದ ಚಿತ್ರಮಾಲಿಕೆಯಿಂದ. ತಿಂಗಳಿಗೊಂದು ಮುಖಪುಟ, ಮುಖಪುಟಕ್ಕೊಂದು ಸಂದರ್ಭ. ನಮ್ಮ ಸೀಮೆಯಲ್ಲಿ ಮಹಾಭಾರತ ಅಲ್ಲಿಯವರೆಗೆ ಕಿವಿಯ ಮೂಲಕ ಬರುತ್ತಿತ್ತು. ಗಮಕಿ ಹಾಡಿದಾಗ, ಬಯಲಾಟದ ಭಾಗವತ ಪದ ಹೇಳಿದಾಗ, ಅಜ್ಜಿ ರಾತ್ರಿ ಹೇಳಿದಾಗ ಕೇಳಿಸಿಕೊಳ್ಳುತ್ತಿದ್ದೆವು. ಆಚಾರ್ಯರ ಮುಖಪುಟ ಬಂದ ಮೇಲೆ ಅದು ತಿಂಗಳಿಗೊಮ್ಮೆ ಅಂಗಡಿಯ ದಾರಕ್ಕೆ ನೇತುಬಿದ್ದು, ದಾರಿಯಲ್ಲಿ ಹೋಗುವ ಹುಡುಗನ ಕಣ್ಣಿಗೆ ಬೀಳತೊಡಗಿತು. ಕಾಸಿಲ್ಲದ ಹುಡುಗನಿಗೂ ಮುಖಪುಟ ಪುಕ್ಕಟೆ. ನಿಂತು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ಕೆಲಸದ ಜವಾಬ್ದಾರಿ ಎಂಥದ್ದೆಂದು ಯೋಚಿಸಿ. ಕವಿ ಭೀಮನನ್ನು ಮಹಾಕಾಯನೆಂದರೆ ಸಾಕು, ಕೇಳಿದವರು ಅವರವರ ಭೀಮನನ್ನು ಕಟ್ಟಿಕೊಳ್ಳುತ್ತಾರೆ. ಚಿತ್ರಗಾರನಿಗೆ ಆ ಅನುಕೂಲವಿಲ್ಲ. ಭೀಮನ ಮೀಸೆ ಎಷ್ಟು ದಪ್ಪ, ಗದೆ ಯಾವ ಆಕಾರ, ಸಿಟ್ಟು ಬಂದಾಗ ಕುತ್ತಿಗೆಯ ನರ ಎಲ್ಲಿ ಉಬ್ಬುತ್ತದೆ ಎಂಬುದನ್ನೆಲ್ಲ ಅವನು ತೀರ್ಮಾನಿಸಲೇಬೇಕು. ದ್ರೌಪದಿಯ ಬಿಚ್ಚಿದ ಮುಡಿ ಗಾಳಿಗೆ ಹಾರುತ್ತಿದೆಯೋ ಬೆನ್ನ ಮೇಲೆ ಭಾರವಾಗಿ ಬಿದ್ದಿದೆಯೋ ಎಂಬ ಒಂದು ಆಯ್ಕೆಯಲ್ಲೇ ಅವಳ ದುಃಖ ಬೇರೆಯಾಗುತ್ತದೆ, ಸಿಟ್ಟು ಬೇರೆಯಾಗುತ್ತದೆ. ಅವನು ತೀರ್ಮಾನಿಸಿದ್ದು ಒಂದು ತಲೆಮಾರಿನ ಮಕ್ಕಳ ಮನಸ್ಸಿನಲ್ಲಿ ಬದುಕಿರುವವರೆಗೂ ಉಳಿಯುತ್ತದೆ. ಐವತ್ತು ದಾಟಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಕಣ್ಣು ಮುಚ್ಚಿ ವೇತಾಳನನ್ನು ನೆನೆಸಿಕೊಳ್ಳಿ. ಕಂಡನಲ್ಲವೇ? ಬಿಳಿಯ ದೇಹ ಹೆಗಲ ಮೇಲೆ ಜೋತಿದೆ, ರಾಜನ ಕೈಯಲ್ಲಿ ಹಿರಿದ ಕತ್ತಿ, ಕಾಲ ಕೆಳಗೆ ಮಸಣದ ನೆಲ. ಅದು ಶಂಕರ್ ಬರೆದದ್ದು.

ಶಂಕರ್ ಅಂದರೆ ಕೆ.ಸಿ. ಶಿವಶಂಕರನ್. ತಮಿಳುನಾಡಿನವರು, 1924ರಲ್ಲಿ ಹುಟ್ಟಿದವರು, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಡಿ.ಪಿ. ರಾಯ್ ಚೌಧರಿಯವರ ಕಾಲದಲ್ಲಿ ಓದಿದವರು. 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿದವರು ಸುಮಾರು 60 ವರ್ಷ ಅದಕ್ಕೇ ಬರೆದರು. 2020ರಲ್ಲಿ, 96 ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರಣಾನಂತರ, 2021ರಲ್ಲಿ. ಅವರ ಜೊತೆಗೆ ‘ಚಿತ್ರಾ’ ಎಂದು ಸಹಿ ಹಾಕುತ್ತಿದ್ದ ಟಿ.ವಿ. ರಾಘವನ್ ಇದ್ದರು. ‘ವಪಾ’ ಎಂಬ ಎರಡಕ್ಷರದಿಂದ ಗುರುತಾದ ವಡ್ಡಾದಿ ಪಾಪಯ್ಯ ಇದ್ದರು. ನಮ್ಮ ಮನೆಯ ಪಡಸಾಲೆಯನ್ನು ಅರಮನೆಯಾಗಿಯೂ ಕಾಡಾಗಿಯೂ ಮಸಣವಾಗಿಯೂ ಮಾಡಿದವರು ಇವರು. ಆಗ ನಮಗೆ ಇವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಆಚಾರ್ಯರ ಬದುಕಿನ ಎರಡನೆಯ ಭಾಗ ನನ್ನಂಥವರಿಗೆ ಇನ್ನೂ ಹತ್ತಿರದ್ದು. ಮದರಾಸು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಅವರು ಆಚಾರ್ಯ ಚಿತ್ರಕಲಾ ಭವನವನ್ನು ನಡೆಸಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಇವತ್ತು ಫೋನಿನಲ್ಲಿ ಬೆರಳಾಡಿಸಿದರೆ ನೂರು ಪಾಠ ಸಿಗುತ್ತವೆ. ಆ ಕಾಲದ ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಚಿತ್ರ ಕಲಿಯಬೇಕೆಂಬ ಹುಡುಗನಿಗೆ ಬೋರ್ಡು ಬರೆಯುವವರ ಅಂಗಡಿಯೇ ಗುರುಕುಲ. ಅಂಥ ಊರುಗಳಿಗೆ ಒಂದು ಲಕೋಟೆಯಲ್ಲಿ ಪಾಠ ಬರುತ್ತದೆ, ಬರೆದು ಕಳಿಸಿದರೆ ತಿದ್ದಿ ವಾಪಸ್ಸು ಬರುತ್ತದೆ ಅಂದರೆ ಅದೇನು ಸಣ್ಣ ಮಾತೇ? ನನಗೆ ಕುಂಚ ಹಿಡಿಯುವುದನ್ನು ಕಲಿಸಿದ ಹಿರಿಯರು ಅಂಥ ಅಂಚೆ ಪಾಠದಿಂದಲೇ ಕಲಿತವರು. “ಕೈ ಬರೆಯೋದು ಆಮೇಲೆ, ಮೊದಲು ಕಣ್ಣು ಬರೀಬೇಕು” ಎಂದು ಹೇಳುತ್ತಿದ್ದರು. ಆಚಾರ್ಯರು 1992ರಲ್ಲಿ ತೀರಿಕೊಂಡರು. ಅವರು ಹಚ್ಚಿದ ದೀಪಗಳು ಎಷ್ಟು ಊರುಗಳಲ್ಲಿ ಉರಿದವೋ!

ಬ್ಲಾಕಿನ ಕಾಲದ ಕೆಲಸ

ಈ ಚಿತ್ರಗಳು ಪುಸ್ತಕಕ್ಕೆ ಹೇಗೆ ಬರುತ್ತಿದ್ದವು ಎಂಬುದನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದಾಗ ಒಂದು ಅಚ್ಚುಕೂಟದಲ್ಲಿ ಬ್ಲಾಕನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಮರದ ಹಲಗೆಯ ಮೇಲೆ ಸಣ್ಣ ಮೊಳೆಗಳಿಂದ ಬಡಿದ ಸತುವಿನ ತಗಡು, ಅದರ ಮೇಲೆ ಎದ್ದು ನಿಂತ ಗೆರೆಗಳು. ಚಿತ್ರಗಾರ ಇಂಡಿಯನ್ ಇಂಕಿನಲ್ಲಿ ಚಿತ್ರವನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದುಕೊಡಬೇಕು. ಅದನ್ನು ಫೋಟೊ ತೆಗೆದು ಕಿರಿದು ಮಾಡಿ ತಗಡಿನ ಮೇಲೆ ಇಳಿಸುತ್ತಾರೆ. ಆಮೇಲೆ ಆಮ್ಲದಲ್ಲಿ ಅದ್ದಿದರೆ ಗೆರೆ ಇಲ್ಲದ ಜಾಗವೆಲ್ಲ ಕೊರೆದುಹೋಗಿ ಗೆರೆ ಮಾತ್ರ ಉಳಿಯುತ್ತದೆ. ಅದಕ್ಕೆ ಮಸಿ ಹಚ್ಚಿ ಒತ್ತುವುದು.

ಈ ವಿಧಾನದಲ್ಲಿ ಬೂದು ಬಣ್ಣವೇ ಇಲ್ಲ. ಇರುವುದು ಕಪ್ಪು, ಇಲ್ಲವೇ ಕಾಗದದ ಬಿಳಿ. ಸಂಜೆಯಾದರೂ, ಮಂಜಾದರೂ, ಮುದುಕಿಯ ಕೆನ್ನೆಯ ಸುಕ್ಕಾದರೂ ಅದನ್ನು ಗೆರೆಯ ದಟ್ಟಣೆಯಿಂದಲೇ ತರಬೇಕು. ಗೆರೆಗಳು ತೀರಾ ಒತ್ತಾದರೆ ಕಿರಿದು ಮಾಡುವಾಗ ಒಂದಕ್ಕೊಂದು ಅಂಟಿ ಮಸಿಯ ಮುದ್ದೆಯಾಗುತ್ತವೆ, ತೀರಾ ತೆಳುವಾದರೆ ಆಮ್ಲ ನುಂಗುತ್ತದೆ. ಕೈ ದೊಡ್ಡದಾಗಿ ಬರೆಯುತ್ತಿದ್ದರೂ ಮನಸ್ಸು ಸಣ್ಣ ಅಳತೆಯಲ್ಲೇ ನೋಡುತ್ತಿರಬೇಕು. ಬಣ್ಣದ ಮುಖಪುಟವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕು. ನಾಲ್ಕು ಬ್ಲಾಕುಗಳು ಕೂದಲೆಳೆ ತಪ್ಪದೆ ಒಂದರ ಮೇಲೊಂದು ಕೂರಬೇಕು. ಸ್ವಲ್ಪ ಸರಿದರೆ ರಾಣಿಯ ತುಟಿಯ ಕೆಂಪು ಗಲ್ಲಕ್ಕೆ ಹೋಗುತ್ತಿತ್ತು. ಅಂಥ ಮುಖಪುಟಗಳನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ.

ಪುಟದಲ್ಲಿ ಕಥೆಗೆ ಇಷ್ಟು, ಚಿತ್ರಕ್ಕೆ ಇಷ್ಟು ಎಂದು ಅಳತೆ ಮೊದಲೇ ನಿಗದಿ. ತಿಂಗಳು ತಪ್ಪದೆ ಗಡುವು ಬರುತ್ತಿತ್ತು. ಆ ಕಟ್ಟಿನೊಳಗೇ ವರ್ಷಗಟ್ಟಲೆ ರಾಜನ ಮುಖ ಬದಲಾಗದಂತೆ, ಊರಿನ ಬೀದಿ ಕೆಡದಂತೆ ಕಾಯುವುದು ತಪಸ್ಸೇ ಸರಿ. ಮಗು ಬಹಳ ಕಟ್ಟುನಿಟ್ಟಿನ ಓದುಗ. ಹಿಂದಿನ ಪುಟದಲ್ಲಿ ಎಡಗಿವಿಯಲ್ಲಿದ್ದ ಓಲೆ ಮುಂದಿನ ಪುಟದಲ್ಲಿ ಇಲ್ಲದಿದ್ದರೆ ಅದು ಬಿಡುವುದಿಲ್ಲ.

ಎಲ್ಲಿ ನಿಂತು ಬರೆಯುತ್ತೀರಿ?

ಚಿತ್ರಗಾರ ಲೇಖಕನೇ ಎಂಬ ನನ್ನ ಮಾತಿಗೆ ನಮ್ಮ ದುರ್ಗದಲ್ಲೇ ಸಾಕ್ಷಿ ಇದೆ. ತರಗತಿಯಲ್ಲಿ ಒನಕೆ ಓಬವ್ವನ ಚಿತ್ರ ಬರೆಯಿರಿ ಅಂದರೆ ನಮ್ಮ ಮಕ್ಕಳೆಲ್ಲ ಒಂದೇ ಚಿತ್ರ ಬರೆಯುತ್ತಾರೆ. ಕಚ್ಚೆ ಸೀರೆ, ಎತ್ತಿದ ಒನಕೆ, ಬಂಡೆಯ ಕಿಂಡಿ, ಕಿಂಡಿಯಲ್ಲಿ ಒಂದು ತಲೆ. ಓಬವ್ವನ ಕಾಲದ ಭಾವಚಿತ್ರ ನಮ್ಮ ಮುಂದಿಲ್ಲ. ನಮ್ಮ ಕಣ್ಣಿನಲ್ಲಿರುವ ಓಬವ್ವ ಕ್ಯಾಲೆಂಡರಿನವರು, ಪಠ್ಯಪುಸ್ತಕದವರು ಬರೆದುಕೊಟ್ಟವಳು, 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ತೋರಿಸಿಕೊಟ್ಟವಳು.

ನಾನು ಮಕ್ಕಳನ್ನು ಕೇಳುತ್ತಿದ್ದೆ: “ಎಲ್ಲಿ ನಿಂತು ಬರೆಯುತ್ತೀರಿ?” ಕಿಂಡಿಯ ಒಳಗೆ, ಓಬವ್ವನ ಬೆನ್ನ ಹಿಂದೆ ನಿಂತರೆ ಒಂದು ಚಿತ್ರ. ಕಿಂಡಿಯ ಹೊರಗೆ, ಹೈದರಾಲಿಯ ಸೈನಿಕರ ಸಾಲಿನಲ್ಲಿ ನಿಂತರೆ ಇನ್ನೊಂದು ಚಿತ್ರ. ಅಲ್ಲಿಂದ ಓಬವ್ವ ಕಾಣುವುದೇ ಇಲ್ಲ, ಒಬ್ಬೊಬ್ಬರಾಗಿ ಒಳಗೆ ನುಸುಳಿದವರು ಸದ್ದಿಲ್ಲದೆ ಮಾಯವಾಗುವ ಕತ್ತಲೆಯ ತೂತು ಮಾತ್ರ ಕಾಣುತ್ತದೆ. ಮೇಲೆ ಬುರುಜಿನಲ್ಲಿ ನಿಂತರೆ ಮೂರನೆಯ ಚಿತ್ರ. ಕಥೆ ಒಂದೇ. ನಿಂತ ಜಾಗ ಬದಲಾದರೆ ಭಯ, ಧೈರ್ಯ, ಮರುಕ ಮೂರೂ ಬದಲಾಗುತ್ತವೆ.

ಹಿರಿಯೂರು ತಾಲ್ಲೂಕಿನ ಒಂದು ಶಾಲೆಯಲ್ಲಿ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬರೆದುಕೊಟ್ಟ ಹಾಳೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅದರಲ್ಲಿ ಓಬವ್ವ ಇಲ್ಲ, ಸೈನಿಕನೂ ಇಲ್ಲ. ಒಂದು ಗುಡಿಸಲಿನ ಒಳಗು. ಗಂಡ ಊಟಕ್ಕೆ ಕುಳಿತಿದ್ದಾನೆ, ತಟ್ಟೆಯಲ್ಲಿ ಅರ್ಧ ಮುದ್ದೆ ಇದೆ, ಪಕ್ಕದಲ್ಲಿ ಬೋರಲಾಗಿರುವ ನೀರಿನ ಚೊಂಬು. ಬಾಗಿಲು ಅರ್ಧ ತೆರೆದಿದೆ. ಮೂಲೆಯಲ್ಲಿ ಒರಳು. ಒರಳಿನ ಪಕ್ಕದ ಗೋಡೆಯಲ್ಲಿ ಒನಕೆ ಒರಗಿಸಿ ಒರಗಿಸಿ ಸವೆದ ಗುರುತು. ಒನಕೆ ಮಾತ್ರ ಇಲ್ಲ.

“ಒನಕೆ ಎಲ್ಲಮ್ಮ?” ಅಂದೆ.

“ಅವಳ ಕೈಯಾಗೈತೆ ಸಾರ್” ಅಂದಳು.

ಅವಳ ಮುಂದೆ ನಾನು ವಿದ್ಯಾರ್ಥಿಯಾದೆ. ಆ ಹುಡುಗಿ ಚಿತ್ರಪುಸ್ತಕದ ಮರ್ಮವನ್ನು ತಾನಾಗಿ ಕಂಡುಕೊಂಡಿದ್ದಳು. ಮಾತು ಹೇಳಿದ್ದನ್ನೇ ಚಿತ್ರ ಮತ್ತೆ ಹೇಳಿದರೆ ಅದು ಬರಿಯ ಅಲಂಕಾರ. ಮಾತು “ಅವಳು ಎದ್ದು ಹೋದಳು” ಎನ್ನಲಿ, ಚಿತ್ರ ಖಾಲಿಯಾದ ಗೋಡೆಯನ್ನು ತೋರಿಸಲಿ. ಆಗ ಮಗು ತಾನೇ ಒನಕೆಯನ್ನು ಹುಡುಕಿಕೊಂಡು ಪುಟ ತಿರುವುತ್ತದೆ. ತಿರುವಿದ ಪುಟದಲ್ಲಿ ತಣ್ಣೀರು ದೋಣಿ, ಅದರಾಚೆ ಕಿಂಡಿ. ಕಥೆಗೆ ಹಾಕಿದ ಚಿತ್ರಕ್ಕೂ ಚಿತ್ರಪುಸ್ತಕಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದರಲ್ಲಿ ಚಿತ್ರ ತೆಗೆದರೂ ಕಥೆ ನಿಲ್ಲುತ್ತದೆ. ಎರಡನೆಯದರಲ್ಲಿ ಚಿತ್ರ ತೆಗೆದರೆ ಕಥೆಯ ಒಂದು ಕಾಲು ಮುರಿಯುತ್ತದೆ.

ಹರ್ತಿಕೋಟೆಯ ಕಣ್ಣು

ಇಲ್ಲಿ ನಮ್ಮ ಜಿಲ್ಲೆಯ ದೊಡ್ಡ ಚಿತ್ರಗಾರರೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಪಿ.ಆರ್. ತಿಪ್ಪೇಸ್ವಾಮಿಯವರು 1922ರಲ್ಲಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದವರು. ಜಲವರ್ಣದಲ್ಲಿ ಅವರು ಬರೆದ ನಿಸರ್ಗಚಿತ್ರಗಳು, ಅದರಲ್ಲೂ ಮಲೆನಾಡಿನವು, ನಾಡಿಗೇ ಗೊತ್ತು. ಮಕ್ಕಳ ಪುಸ್ತಕ ಅವರ ಮುಖ್ಯ ಕ್ಷೇತ್ರವಾಗಿರಲಿಲ್ಲ. ಆದರೂ ಮಕ್ಕಳಿಗೆ ಚಿತ್ರ ಬರೆಯುವವರು ಅವರಿಂದ ಕಲಿಯಬೇಕಾದ ಪಾಠ ಒಂದಿದೆ.

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಜೀ.ಶಂ. ಪರಮಶಿವಯ್ಯನವರ ಜೊತೆಗೂಡಿ ಕಟ್ಟಿದವರಲ್ಲಿ ತಿಪ್ಪೇಸ್ವಾಮಿಯವರು ಪ್ರಮುಖರು. ಹಳ್ಳಿಹಳ್ಳಿ ಸುತ್ತಿ, ಅಟ್ಟದ ಮೇಲೆ ಧೂಳು ಹಿಡಿದಿದ್ದ ಗೊಂಬೆ, ಮುಖವಾಡ, ಕಿರೀಟಗಳನ್ನು ತಂದು ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಉಳಿಸಿದರು. ಅಲ್ಲಿರುವ ತೊಗಲುಗೊಂಬೆಗಳನ್ನು ನೋಡಿದಾಗ ನನಗೆ ಹೊಳೆದದ್ದು, ಇವೇ ನಮ್ಮ ಮೊದಲ ಚಿತ್ರಪುಸ್ತಕಗಳು ಎಂದು. ಚರ್ಮವನ್ನು ಬೆಳಕು ಹಾಯುವಷ್ಟು ಹದಮಾಡಿ, ರೂಪ ಕತ್ತರಿಸಿ, ಬಣ್ಣ ಹಾಕಿ, ಒಡವೆಯ ಜಾಗದಲ್ಲಿ ಸಣ್ಣ ರಂಧ್ರ ಕೊರೆದು, ದೀಪದ ಮುಂದೆ ಪರದೆಗೆ ಒತ್ತಿ ಹಿಡಿಯುತ್ತಾರೆ. ಅರಸನ ಗೊಂಬೆ ದೊಡ್ಡದು, ಆಳಿನ ಗೊಂಬೆ ಚಿಕ್ಕದು. ಒಂದು ದೃಶ್ಯ ಮುಗಿದರೆ ಗೊಂಬೆ ಸರಿದು ಇನ್ನೊಂದು ಬರುತ್ತದೆ. ಅದೂ ಒಂದು ಪುಟ ತಿರುವಿದ ಹಾಗೆ ಅಲ್ಲವೇ? ಬೆಳತನಕ ಅಮ್ಮನ ಮಡಿಲಲ್ಲಿ ಕೂತು ಆಟ ನೋಡಿದ ಮಗು ಚಿತ್ರ ಓದುವುದನ್ನು ಅಲ್ಲೇ ಕಲಿಯುತ್ತಿತ್ತು. ಅಕ್ಷರ ಬರದ ನನ್ನ ಅಜ್ಜಿ ಮಂತ್ರಿಯ ಕಣ್ಣು ನೋಡಿ ಗುಣ ಹೇಳಿದ್ದು ಸುಮ್ಮನೆ ಅಲ್ಲ. ಅವಳ ಶಾಲೆ ಅದು.

ತಿಪ್ಪೇಸ್ವಾಮಿಯವರು ಕಲಿಸಿದ್ದು ಕಣ್ಣೆದುರು ಇರುವುದನ್ನು ನೋಡು ಎಂಬುದನ್ನು. ನಮ್ಮ ಮಕ್ಕಳಿಗೆ “ಒಂದು ದೃಶ್ಯ ಬರೆಯಿರಿ” ಅಂದರೆ ಏನು ಬರೆಯುತ್ತಾರೆ ಹೇಳಿ? ಮೂರು ಮೂಲೆಯ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿದು ಬರುವ ನದಿ, ದಡದಲ್ಲಿ ತೆಂಗಿನ ಮರ, ಹೆಂಚಿನ ಮನೆ. ಕಿಟಕಿಯಾಚೆ ನೋಡಿದರೆ ಜೋಗಿಮಟ್ಟಿಯ ಸಾಲು, ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತಿರುವ ದುಂಡು ಬಂಡೆಗಳು, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು, ಜಾಲಿಯ ನೆರಳಿನಲ್ಲಿ ಕಂಬಳಿ ಹೊದ್ದು ನಿಂತ ಕುರಿಗಾಹಿ. ಅದು ಯಾವುದೂ ಹಾಳೆಗೆ ಬರುವುದಿಲ್ಲ. ಮಕ್ಕಳದ್ದು ತಪ್ಪಲ್ಲ. ಪುಸ್ತಕದಲ್ಲಿ ಕಂಡದ್ದೇ ಚಿತ್ರಕ್ಕೆ ಯೋಗ್ಯವಾದದ್ದು ಎಂದು ಮಗು ತಿಳಿಯುತ್ತದೆ. ತನ್ನ ಊರು ಯಾವ ಪುಸ್ತಕದಲ್ಲೂ ಕಾಣದಿದ್ದರೆ, ತನ್ನ ಊರು ಚಿತ್ರಕ್ಕೆ ಲಾಯಕ್ಕಿಲ್ಲ ಎಂದೂ ತಿಳಿಯುತ್ತದೆ. ನನ್ನನ್ನು ಬಹಳ ಕಾಡಿದ ಸಂಗತಿ ಇದು.

ಹಲವು ದಾರಿಗಳಿಂದ ಬಂದ ಪುಸ್ತಕಗಳು

ಕನ್ನಡದ ಮಕ್ಕಳಿಗೆ ಚಿತ್ರಗಳು ಹಲವು ದಾರಿಗಳಿಂದ ಬಂದಿವೆ. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದಾಗ, ಮಕ್ಕಳಿಗೆ ಲೋಕವನ್ನು ತಿಳಿಸಬೇಕಾದರೆ ಚಿತ್ರ ಬೇಕೇ ಬೇಕೆಂದು ಅರಿತಿದ್ದರು. ಅಮರ ಚಿತ್ರಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಆಮೇಲೆ ಆ ಮಾಲಿಕೆಯನ್ನು ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ನಮ್ಮ ಕಾರ್ಕಳದವರು. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ತಂದ ‘ಭಾರತ-ಭಾರತಿ’ಯ 510 ಪುಟ್ಟ ಪುಸ್ತಕಗಳು ಹಳ್ಳಿ ಶಾಲೆಗಳ ಕಪಾಟು ತುಂಬಿದವು. ನವಕರ್ನಾಟಕದವರ ಮಳಿಗೆಗಳಲ್ಲಿ ಸೋವಿಯತ್ ದೇಶದ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಬಿಸಿಲುನಾಡಿನ ನಾವು ಹಿಮವನ್ನೂ ಕರಡಿಯನ್ನೂ ಮೊದಲು ಮುಟ್ಟಿದ್ದು ಆ ದಪ್ಪ ಕಾಗದದ ಪುಟಗಳಲ್ಲಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ, ಚೆನ್ನೈನ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಇವುಗಳಿಂದ ಅಪ್ಪಟ ಚಿತ್ರಪುಸ್ತಕ ಕನ್ನಡದ ಮಗುವಿನ ಕೈಗೆ ಬಂತು. ಈ ಹೊಸ ಪುಸ್ತಕಗಳ ಮುಖಪುಟದಲ್ಲಿ ಚಿತ್ರ ಬರೆದವರ ಹೆಸರು ಕಥೆ ಬರೆದವರ ಹೆಸರಿನ ಜೊತೆಗೇ ಇರುವುದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎಲ್ಲ ಕಡೆಯೂ ಹಾಗಿಲ್ಲ. ಹಿಂದೊಮ್ಮೆ ಒಬ್ಬ ಪ್ರಕಾಶಕರಿಗೆ ನಾನು ಮಕ್ಕಳ ಪದ್ಯಗಳ ಪುಸ್ತಕಕ್ಕೆ ಇಪ್ಪತ್ತೆರಡು ಚಿತ್ರ ಬರೆದುಕೊಟ್ಟೆ. ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಯಿತು. ಪುಸ್ತಕ ಬಂದಾಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ಅಕ್ಷರ ಜೋಡಿಸಿದವರ ಹೆಸರಿತ್ತು, ಅಚ್ಚು ಹಾಕಿದವರ ಹೆಸರಿತ್ತು. ಚಿತ್ರ ಬರೆದವನ ಹೆಸರಿರಲಿಲ್ಲ. ಮೂಲೆಯಲ್ಲಿ ನಾನು ಹಾಕಿದ್ದ ಸಹಿಯನ್ನೂ ಅಂಚು ಕತ್ತರಿಸುವಾಗ ಕತ್ತರಿಸಿಬಿಟ್ಟಿದ್ದರು. ಅವತ್ತು ಅಜ್ಜಿಯ ಪ್ರಶ್ನೆ ನನ್ನ ಎದೆಗೆ ನಾಟಿತು. ನನ್ನ ಹೆಸರು ಹೋದದ್ದಕ್ಕಿಂತಲೂ, ಆ ಪುಸ್ತಕ ಹಿಡಿದ ಯಾವುದೋ ಊರಿನ ಅಜ್ಜಿ ಹೀಗೆ ಕೇಳಿದರೆ ಮೊಮ್ಮಗಳು ಏನು ಹೇಳಬೇಕು ಎಂಬ ಚಿಂತೆ ನನಗೆ ದೊಡ್ಡದಾಯಿತು.

ನಾವು ಮಾಡಬಹುದಾದದ್ದು

ಇನ್ನು ನನ್ನ ಬೇಡಿಕೆಗಳು. ಮೊದಲನೆಯದು ಶಿಕ್ಷಕರಲ್ಲಿ. ನಲಿ-ಕಲಿ ತರಗತಿಯಲ್ಲಿ ಒಂದನೇ ತರಗತಿಯ ಮಗು ಅಕ್ಷರಕ್ಕಿಂತ ಮುಂಚೆ ಕಾರ್ಡಿನ ಚಿತ್ರವನ್ನೇ ಹಿಡಿಯುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯನ್ನು ಕಟ್ಟಿದವರಿಗೆ ಚಿತ್ರವೂ ಓದು ಎಂಬುದು ಗೊತ್ತಿತ್ತು. ಮೇಲಿನ ತರಗತಿಗೆ ಹೋದಂತೆ ನಾವು ಅದನ್ನು ಮರೆಯುತ್ತೇವೆ. ಕಥೆ ಓದಿಸುವಾಗ ಒಂದು ನಿಮಿಷ ಚಿತ್ರದ ಮೇಲೆ ನಿಲ್ಲಿ. “ಇದರಲ್ಲಿ ಏನು ಕಾಣುತ್ತಿದೆ? ಬರೆದವರು ಎಲ್ಲಿ ನಿಂತಿದ್ದಾರೆ? ಬರೆದವರು ಯಾರು?” ಎಂದು ಕೇಳಿ.

ಎರಡನೆಯದು ಪ್ರಕಾಶಕರಲ್ಲಿ. ಮುಖಪುಟದಲ್ಲಿ ಎರಡು ಹೆಸರಿಗೆ ಜಾಗ ಮಾಡಿ. ಇದಕ್ಕೆ ಕಾಸು ಖರ್ಚಿಲ್ಲ.

ಮೂರನೆಯದು ನಮ್ಮೆಲ್ಲರಲ್ಲಿ. ನಮ್ಮ ಸೀಮೆಯ ಚಿತ್ರಪುಸ್ತಕಗಳು ಬರಲಿ. ವಸ್ತುವಿಗೆ ಬರವಿಲ್ಲ. ಹಿರಿಯೂರಿನ ಮಾರಿಕಣಿವೆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಎಡಪುಟದಲ್ಲಿ ಅಪ್ಪನ ಹೆಗಲೇರಿ ಕೋಡಿ ನೋಡುವ ಪುಟ್ಟ ಹುಡುಗಿ, ಬಲಪುಟದಲ್ಲಿ ಮರಿಮೊಮ್ಮಗನ ಕೈ ಹಿಡಿದು ಅದೇ ನೀರು ನೋಡುವ ಅದೇ ಹುಡುಗಿ. ನಡುವಿನ ಪುಟಗಳ ತುಂಬ ಕಾಯುವ ನೆಲ. ಇದಕ್ಕಿಂತ ದೊಡ್ಡ ಕಥೆ ಬೇಕೇ? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ಶಿವಸಂಚಾರ ನಾಟಕ ತಂಡ ಊರೂರು ತಿರುಗುತ್ತಿದೆ. ಬಣ್ಣ ಹಚ್ಚಿಕೊಳ್ಳುತ್ತಿರುವ ನಟನನ್ನು ಪರದೆಯ ಸಂದಿಯಿಂದ ಇಣುಕಿ ನೋಡುವ ಮಗುವಿನ ಕಥೆ ಯಾಕಾಗಬಾರದು? ಹೊಳಲ್ಕೆರೆಯ ಬೃಹತ್ ಗಣಪನನ್ನು ನಾಲ್ಕು ವರ್ಷದ ಮಗುವಿನ ಎತ್ತರದಿಂದ ಬರೆಯಿರಿ. ಪಾದ ಮತ್ತು ಹೊಟ್ಟೆ ಮಾತ್ರ ಕಾಣುತ್ತವೆ, ಮುಖ ಮುಗಿಲಿನಲ್ಲಿ ಎಲ್ಲೋ ಇರುತ್ತದೆ. ನಾನು ಚಿಕ್ಕವನಾಗಿದ್ದಾಗ ಅವನು ನನಗೆ ಕಂಡದ್ದು ಹಾಗೆಯೇ.

ಈ ಊರಿನ ಹೆಸರಿನಲ್ಲೇ ಚಿತ್ರ ಇದೆ. ಚಿತ್ರಕಲ್ಲುದುರ್ಗ ಎಂದು ಹಿಂದಿನವರು ಕರೆದರು. ಕಲ್ಲಿನಲ್ಲಿ ಚಿತ್ರ ಕಂಡವರ ಮಕ್ಕಳು ನಾವು. ಕಾಗದದಲ್ಲಿ ಚಿತ್ರ ಕಾಣಿಸುವವರನ್ನು ಹೆಸರು ಹಿಡಿದು ಕರೆಯುವುದು ನಮಗೆ ಕಷ್ಟವಾಗಬಾರದು.

ಕಳೆದ ವರ್ಷ ಅಕ್ಕನ ಮನೆಗೆ ಹೋಗಿದ್ದೆ. ಗೋಣಿದಾರದ ಆ ಕಟ್ಟು ಇನ್ನೂ ಇದೆ, ದಾರ ಮಾತ್ರ ಎರಡು ಸಲ ಬದಲಾಗಿದೆಯಂತೆ. ಇಬ್ಬರೂ ಕನ್ನಡಕ ಹಾಕಿಕೊಂಡು, ಅದೇ ಪುಟ ಹುಡುಕಿ, ಬೆಳಕಿಗೆ ಹಿಡಿದೆವು. ಹುಲ್ಲಿನ ಗೆರೆಗಳ ಸಂದಿಯಲ್ಲಿ ಸಹಿ ಅಲ್ಲೇ ಇತ್ತು. ಈ ಸಲ ಓದಲು ಬಂತು. ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು, ಒಳಮನೆಯಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ: “ಶಂಕರ್, ಅಜ್ಜಿ.”